ಆನ್‌ಲೈನ್ ಜಾಹೀರಾತಿಗೆ ಹಾಕಿದ ಹಣ ದಂಡವೇ? ತಿಪಟೂರಿನ ಗಾಣದ ಅಂಗಡಿಯಿಂದ ಒಂದು ಪ್ರಶ್ನೆ

ತಿಪಟೂರು ಗಾಣ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಬಿ.ಎಚ್. ರಸ್ತೆಯಿಂದ ತುಸು ಒಳಗೆ ನಮ್ಮದೊಂದು ಚಿಕ್ಕ ಅಂಗಡಿಯಿದೆ. ಹಿಂದೆ ಮರದ ಗಾಣ, ಮುಂದೆ ಕೊಬ್ಬರಿ ಮತ್ತು ಕೊಬ್ಬರಿ ಎಣ್ಣೆಯ ಮಾರಾಟ. ನಮ್ಮ ತಂದೆಯವರು ನಲವತ್ತು ವರ್ಷ ಉಂಡೆ ಕೊಬ್ಬರಿಯನ್ನು ಎಪಿಎಂಸಿಗೆ ಒಯ್ದು ಟೆಂಡರಿಗೆ ಇಟ್ಟವರೇ ಹೊರತು, ತಿನ್ನುವವರು ಯಾರೆಂದು ಕಂಡವರಲ್ಲ. 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಕೊಡಬೇಕಾಗಿ ಬಂದಾಗ, ಹೀಗೆ ಕೊಡುವ ಬದಲು ನಾವೇ ಎಣ್ಣೆ ತೆಗೆಯೋಣವೆಂದು ಗಾಣ ಹಾಕಿಸಿದೆವು. ಎರಡು ವರ್ಷ ಕಳೆಯುವುದರೊಳಗೆ ಕೊಬ್ಬರಿಯ ಧಾರಣೆ ಆ ಬೆಂಬಲ ಬೆಲೆಯ ದುಪ್ಪಟ್ಟನ್ನೂ ದಾಟಿತು. ಎಣ್ಣೆಯ ದರ ಕೇಳಿದ ಊರಿನ ಗಿರಾಕಿಗಳು ಪ್ಯಾಕೆಟ್ ಎಣ್ಣೆಗೆ ಹಿಂದಿರುಗಿದರು. ಹಾಗಾಗಿ ಬೆಂಗಳೂರಿನವರಿಗೆ ಕೊರಿಯರ್ ಮೂಲಕ ಮಾರುವ ಯೋಚನೆ ಬಂತು.

ಜಾಹೀರಾತಿನ ಕೆಲಸವನ್ನು ನನ್ನ ಅಕ್ಕನ ಮಗ ನೋಡಿಕೊಳ್ಳುತ್ತಾನೆ. ಬಿ.ಕಾಂ. ಮುಗಿಸಿದ್ದಾನೆ, ತಿಂಗಳಿಗೆ ಹನ್ನೆರಡು ಸಾವಿರ ಕೊಡುತ್ತಿದ್ದೇನೆ. ಕಳೆದ ಮೂರು ತಿಂಗಳಲ್ಲಿ ಗೂಗಲ್‌ಗೆ 11,000, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗೆ 7,000, ಒಟ್ಟು 18,000 ರೂಪಾಯಿ ಹೋಗಿದೆ, ಶೇ. 18ರ ಜಿಎಸ್‌ಟಿ ಸೇರಿದರೆ 21,240. ಕರೆ ಮತ್ತು ವಾಟ್ಸಾಪ್ ಸೇರಿ 312 ವಿಚಾರಣೆಗಳು ಬಂದಿವೆ, ಹಣ ಕೈಸೇರಿದ ಹೊಸ ಗಿರಾಕಿಗಳು 61 ಜನ. ಒಂಬತ್ತು ಪಾರ್ಸೆಲ್‌ಗಳು ಬಾಗಿಲವರೆಗೆ ಹೋಗಿ ಹಿಂದಿರುಗಿದವು, ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ನಮ್ಮ ತಲೆಗೇ ಬಂತು. ದಿನಕ್ಕೆ 120 ರೂಪಾಯಿ ಎಂದು ಮಿತಿ ಹಾಕಿದ್ದರೂ ಗೂಗಲ್ ಒಂದು ದಿನ 230 ರೂಪಾಯಿ ಕಡಿದುಕೊಂಡದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ಪ್ರಶ್ನೆ ಎರಡು. ಈ ಹಣ ದಂಡವೋ ಅಲ್ಲವೋ ಎಂಬುದನ್ನು ನಮ್ಮಂಥವರು ಯಾವ ಲೆಕ್ಕದಿಂದ ತಿಳಿಯಬೇಕು? ಎರಡನೆಯದು ಮನೆಯ ವಿಷಯ. ಹುಡುಗ ದಿನವಿಡೀ ಫೋನು ಹಿಡಿದು ಕುಳಿತಿರುವುದನ್ನು ಕಂಡರೆ ತಂದೆಯವರಿಗೆ ಆಗುವುದಿಲ್ಲ. ಕೊಬ್ಬರಿ ಆರಿಸುವವರು, ಗಾಣದ ಮುಂದೆ ನಿಂತವರು, ಚೀಲ ಹೊರುವವರು ಕೆಲಸ ಮಾಡುತ್ತಿದ್ದಾರೆ, ಇವನು ಸಂಬಳ ಪಡೆದು ಆಟವಾಡುತ್ತಿದ್ದಾನೆ ಎಂಬುದು ಅವರ ಮಾತು. ಸತ್ಯ ಹೇಳಬೇಕೆಂದರೆ ನನಗೂ ಒಮ್ಮೊಮ್ಮೆ ಹಾಗೆಯೇ ಅನ್ನಿಸುತ್ತದೆ. ಅವನನ್ನು ಕೊಬ್ಬರಿ ಆರಿಸಲು ಹಚ್ಚಿ ಜಾಹೀರಾತು ನಿಲ್ಲಿಸಲೇ?

ಶಿರಾಗೇಟ್:

ತುಮಕೂರಿನಲ್ಲಿ ಕೆಲವು ಸಣ್ಣ ಅಂಗಡಿಗಳ ಜಾಹೀರಾತನ್ನು ನಾನು ನೋಡಿಕೊಳ್ಳುತ್ತೇನೆ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಸ್ವಾರ್ಥವಿರಬಹುದು, ಅದನ್ನು ಕಳೆದೇ ಓದಿಕೊಳ್ಳಿ.

ಮೊದಲು 230 ರೂಪಾಯಿಯ ವಿಷಯ. ಗೂಗಲ್‌ನಲ್ಲಿ ನೀವು ನಮೂದಿಸುವ ದಿನದ ಮೊತ್ತವು ಸರಾಸರಿಯೇ ಹೊರತು ಗಟ್ಟಿ ಮಿತಿಯಲ್ಲ. ಹುಡುಕುವವರು ಹೆಚ್ಚಿರುವ ದಿನ ಅದರ ಎರಡರಷ್ಟರವರೆಗೆ ಖರ್ಚಾಗಬಹುದು, ಆದರೆ ತಿಂಗಳ ಒಟ್ಟು ಮೊತ್ತ ದಿನದ ಮೊತ್ತದ 30.4 ಪಟ್ಟನ್ನು ಮೀರುವುದಿಲ್ಲ. ಇದರಲ್ಲಿ ಮೋಸವೇನೂ ನಡೆದಿಲ್ಲ.

ಇನ್ನು ಲೆಕ್ಕ. 21,240ನ್ನು 61ರಿಂದ ಭಾಗಿಸಿದರೆ ಒಬ್ಬ ಗಿರಾಕಿಯನ್ನು ಕರೆತರಲು 348 ರೂಪಾಯಿ ಬಿದ್ದಿದೆ. ಒಂದು ಪಾರ್ಸೆಲ್‌ನಲ್ಲಿ ಕೊಬ್ಬರಿ, ಗಾಣದ ಕೂಲಿ, ಬಾಟಲಿ, ರಟ್ಟಿನ ಪೆಟ್ಟಿಗೆ, ಕೊರಿಯರ್ ಎಲ್ಲ ಕಳೆದು ನಿಮಗೆ ಉಳಿಯುವುದೆಷ್ಟು ಎಂದು ನೀವು ಬರೆದಿಲ್ಲ, ನನ್ನ ಅಂದಾಜಿನಲ್ಲಿ ಅದು 150ರ ಆಸುಪಾಸಿನಲ್ಲಿರಬೇಕು. ಹಾಗಿದ್ದರೆ ಮೊದಲ ಮಾರಾಟದಲ್ಲಿ ಸುಮಾರು 200 ರೂಪಾಯಿ ನಷ್ಟ. ಇಲ್ಲಿಗೇ ನಿಲ್ಲಿಸಿದರೆ ತಂದೆಯವರ ಮಾತೇ ಸರಿ. ಆದರೆ ಎಣ್ಣೆ ತಿಂಗಳು ತಿಂಗಳೂ ಮುಗಿಯುವ ಪದಾರ್ಥ, ಮದುವೆಯ ಸೀರೆಯಂತಲ್ಲ. ಆ 61 ಜನರಲ್ಲಿ ಎಷ್ಟು ಮಂದಿ ಜಾಹೀರಾತನ್ನು ಮುಟ್ಟದೆ ನೇರವಾಗಿ ನಿಮ್ಮ ನಂಬರಿಗೆ ಮತ್ತೆ ಕೇಳಿದರು ಎಂಬುದನ್ನು ದಯವಿಟ್ಟು ತೆಗೆಯಿರಿ. ಮೂರು ಬಾರಿ ಕೊಂಡವನಿಂದ 450 ಬಂದಿರುತ್ತದೆ, ಅವನ ಮಟ್ಟಿಗೆ ಹಣ ಹಿಂದಿರುಗಿದಂತಾಯಿತು. ಈ ಒಂದು ಅಂಕಿ ಕೈಯಲ್ಲಿಲ್ಲದೆ ಜಾಹೀರಾತನ್ನು ಮುಂದುವರಿಸುವುದೂ ನಿಲ್ಲಿಸುವುದೂ ಕುರುಡು ನಿರ್ಧಾರವೇ. ಜಿಎಸ್‌ಟಿಯ 3,240 ರೂಪಾಯಿಯನ್ನು ನೀವು ಸಾಮಾನ್ಯ ನೋಂದಣಿಯಲ್ಲಿದ್ದರೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು; ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ ಆಗದು.

ಎಪಿಎಂಸಿಯನ್ನು ಬಲ್ಲ ತಂದೆಯವರಿಗೆ ಗೂಗಲ್ ಜಾಹೀರಾತನ್ನು ವಿವರಿಸುವುದು ನಿಮಗಿಂತ ಸುಲಭವಾಗಬಹುದು. ಟೆಂಡರಿನಲ್ಲಿ ವರ್ತಕರು ಮಾರಾಟಕ್ಕಿಟ್ಟ ಕೊಬ್ಬರಿಯ ರಾಶಿಯನ್ನು, ಅಂದರೆ ಲಾಟನ್ನು ನೋಡಿ, ಪಕ್ಕದವನು ಎಷ್ಟು ಬರೆದನೆಂದು ತಿಳಿಯದೆ ತಮ್ಮ ದರವನ್ನು ನಮೂದಿಸುತ್ತಾರೆ. ಹೆಚ್ಚು ಬರೆದವನಿಗೆ ಲಾಟು, ಬರೆದಷ್ಟನ್ನೂ ಅವನು ಕೊಡಬೇಕು. ಗೂಗಲ್‌ನಲ್ಲಿ ಯಾರೋ ಒಬ್ಬರು ಏನನ್ನೋ ಹುಡುಕಿದ ಪ್ರತಿ ಸಲವೂ ಇಂಥದೇ ಒಂದು ಟೆಂಡರು ಕಣ್ಣೆವೆ ಬಡಿಯುವಷ್ಟರಲ್ಲಿ ನಡೆದುಹೋಗುತ್ತದೆ. ಆದರೆ ಅಲ್ಲಿ ದರವೊಂದೇ ನಡೆಯುವುದಿಲ್ಲ. ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಂಭವ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದನ್ನೂ ತೂಗಲಾಗುತ್ತದೆ. ಗೆದ್ದವನು ಸಾಮಾನ್ಯವಾಗಿ ತಾನು ಬರೆದಷ್ಟನ್ನಲ್ಲ, ತನ್ನ ಕೆಳಗಿನವನನ್ನು ಮೀರಲು ಬೇಕಾದಷ್ಟನ್ನು ಕೊಡುತ್ತಾನೆ. ಆದ್ದರಿಂದ ದರ ಏರಿಸುವುದಕ್ಕಿಂತ, ಯಾವ ಮಾತಿಗೆ ನಮ್ಮ ಜಾಹೀರಾತು ಕಾಣಬೇಕು, ಯಾವುದಕ್ಕೆ ಕಾಣಬಾರದು ಎಂದು ಕುಳಿತು ಆರಿಸುವುದರಲ್ಲಿಯೇ ಹಣ ಉಳಿಯುತ್ತದೆ. ಕೊಬ್ಬರಿ ಆರಿಸುವುದಕ್ಕೆ ಇರುವಷ್ಟೇ ತಾಳ್ಮೆ ಇದಕ್ಕೂ ಬೇಕು.

ನನಗೆ ಬಲವಾದ ಅನುಮಾನವಿರುವುದು ಇಲ್ಲೇ. ಹುಡುಗನಿಗೆ ಹೇಳಿ, ಜನರು ನಿಜವಾಗಿ ಏನೆಂದು ಹುಡುಕಿ ನಿಮ್ಮ ಜಾಹೀರಾತನ್ನು ಒತ್ತಿದರು ಎಂಬ ಪಟ್ಟಿಯನ್ನು ಗೂಗಲ್ ಖಾತೆಯಿಂದ ತೆಗೆಸಿ ನೋಡಿ. ತಿಪಟೂರು, ಕೊಬ್ಬರಿ ಎಂಬ ಎರಡು ಪದಗಳನ್ನು ಸಡಿಲವಾಗಿ ಕೊಟ್ಟಿದ್ದರೆ, ‘ತಿಪಟೂರು ಕೊಬ್ಬರಿ ಬೆಲೆ ಇಂದು’ ಎಂದು ಹುಡುಕುವವರೆಲ್ಲ ನಿಮ್ಮ ಬಾಗಿಲಿಗೆ ಬಂದಿರುತ್ತಾರೆ. ಅವರು ಕೊಳ್ಳುವವರಲ್ಲ, ನಿಮ್ಮಂತೆಯೇ ಮಾರುವವರು; ಒಬ್ಬೊಬ್ಬರು ಬಂದಾಗಲೂ ನೀವು ಕ್ಲಿಕ್ಕಿನ ಹಣ ತೆತ್ತಿದ್ದೀರಿ. ಗಾಣದ ಯಂತ್ರದ ಬೆಲೆ ಹುಡುಕುವವರೂ ಹಾಗೆಯೇ. ಬೆಲೆ, ಇಂದು, ರೇಟು, ಎಪಿಎಂಸಿ, ಯಂತ್ರ ಇವುಗಳನ್ನು ಬೇಡದ ಪದಗಳೆಂದು ಸೇರಿಸಬೇಕು, ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲೊಮ್ಮೆ. ಸ್ಥಳದ ಆಯ್ಕೆಯನ್ನೂ ನೋಡಿ: ಬೆಂಗಳೂರು ಎಂದು ಆರಿಸಿ ಬಿಟ್ಟರೆ ಆ ಊರಿನಲ್ಲಿರುವವರಿಗೆ ಮಾತ್ರವಲ್ಲ, ಆ ಊರಿನ ಬಗ್ಗೆ ಆಸಕ್ತಿ ತೋರಿದ ಹೊರಗಿನವರಿಗೂ ಜಾಹೀರಾತು ಕಾಣುವಂತೆ ಮೊದಲೇ ಹೊಂದಿಸಿರುತ್ತಾರೆ, ಅದನ್ನು ನಾವೇ ಬದಲಿಸಬೇಕು. ಫೇಸ್‌ಬುಕ್‌ನಲ್ಲಿ ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ, ಪೋಸ್ಟಿನ ಕೆಳಗಿನ ಬೂಸ್ಟ್ ಗುಂಡಿಯನ್ನು ಹುಡುಗ ಒತ್ತುತ್ತಿದ್ದಾನೆಯೇ ಎಂದು ಕೇಳಿ. ಲೈಕು ಬೇಕೆಂದು ಕೇಳಿದರೆ ಆ ವ್ಯವಸ್ಥೆ ಲೈಕು ಒತ್ತುವ ಅಭ್ಯಾಸದವರನ್ನೇ ಹುಡುಕಿಕೊಡುತ್ತದೆ.

ಗುಬ್ಬಿಯ ಓದುಗ:

ಒಂದು ಸಣ್ಣ ಮಾತು. ಇಂಥ ಅಂಗಡಿಗಳ ಜಾಹೀರಾತುಗಳಲ್ಲಿ ‘ಏಳು ದಿನದಲ್ಲಿ ಕೂದಲು ಉದುರುವುದು ನಿಲ್ಲುತ್ತದೆ’, ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಸಾಲುಗಳು ಸಾಮಾನ್ಯವಾಗಿಬಿಟ್ಟಿವೆ. ನಿಮ್ಮಲ್ಲಿ ಹಾಗೇನಾದರೂ ಇದ್ದರೆ ಇಂದೇ ತೆಗೆಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು, ಮರುಕಳಿಸಿದರೆ ಐವತ್ತು ಲಕ್ಷದವರೆಗೆ. ಕೊಬ್ಬರಿ ಯಾವ ಊರಿನದು, ಗಾಣವಾದ ದಿನ ಯಾವುದು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಏನು ಎಂದು ಬರೆದರೆ ಸಾಕು. ಎಣ್ಣೆ ತೆಗೆಯುವ ದಿನಾಂಕವನ್ನು ನೋಡಿಯೇ ಕೊಳ್ಳುವ ನನ್ನಂಥ ಗಿರಾಕಿಗಳು ಇದ್ದಾರೆ.

ಮಂಡಿಪೇಟೆ ಹಳಬ:

ತುಮಕೂರಿನ ಮಂಡಿಪೇಟೆಯಲ್ಲಿ ಮೂವತ್ತೈದು ವರ್ಷ ವ್ಯಾಪಾರ ಮಾಡಿ ಈಗ ಮಗನಿಗೆ ಗಲ್ಲಾಪೆಟ್ಟಿಗೆ ಬಿಟ್ಟುಕೊಟ್ಟವನು ನಾನು. ಗೂಗಲ್ ಟೆಂಡರಿನ ವಿವರ ನನಗೂ ಹೊಸದು, ಶಿರಾಗೇಟ್ ಅವರಿಗೆ ವಂದನೆ. ನಾನು ಹೇಳಬೇಕಾದದ್ದು ನಿಮ್ಮ ಎರಡನೆಯ ಪ್ರಶ್ನೆಗೆ.

ನಮ್ಮ ಕಾಲದಲ್ಲಿ ಜಾಹೀರಾತು ಇರಲಿಲ್ಲ ಎಂದು ಹೇಳುವ ಹಿರಿಯರ ಮಾತನ್ನು ನಂಬಬೇಡಿ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದೆವು, ಚಿತ್ರಮಂದಿರದಲ್ಲಿ ವಿರಾಮದ ವೇಳೆಗೆ ಸ್ಲೈಡು ತೋರಿಸುತ್ತಿದ್ದೆವು, ಆಟೋಗೆ ಮೈಕು ಕಟ್ಟಿ ಊರು ಸುತ್ತಿಸುತ್ತಿದ್ದೆವು, ಪತ್ರಿಕೆ ಹಂಚುವ ಹುಡುಗನಿಗೆ ಚಹದ ಕಾಸು ಕೊಟ್ಟು ಕರಪತ್ರ ಸೇರಿಸುತ್ತಿದ್ದೆವು. ಸಿದ್ಧಗಂಗೆಯ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಒಂದು ವರ್ಷ ಮಳಿಗೆ ಹಿಡಿದಾಗ ಎರಡು ಸಾವಿರ ಚೀಟಿ ಹಂಚಿದ್ದೆ. ಅದರಿಂದ ಎಷ್ಟು ಜನ ಅಂಗಡಿಗೆ ಬಂದರೆಂದು ಇವತ್ತಿಗೂ ಗೊತ್ತಿಲ್ಲ, ಆ ಲೆಕ್ಕವನ್ನು ಯಾರೂ ಕೇಳಲೂ ಇಲ್ಲ. ಈಗ ಒಬ್ಬ ಹುಡುಗ 312 ಮತ್ತು 61 ಎಂದು ಅಂಕಿ ತಂದಿಟ್ಟ ಕಾರಣಕ್ಕೇ ಅವನ ಮೇಲೆ ಅನುಮಾನ ಹುಟ್ಟಿದೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನನ್ನ ಕಣ್ಣು ನಿಂತದ್ದು 312ರ ಮೇಲೆ. ಶಿರಾಗೇಟ್ ಅವರು ಹೇಳಿದಂತೆ ಅದರಲ್ಲಿ ಅರ್ಧ ಬೆಲೆ ಕೇಳುವವರೇ ಇರಲಿ. ಉಳಿದವರಿಗೆ ಉತ್ತರಿಸಿದವರು ಯಾರು, ಎಷ್ಟು ಹೊತ್ತಿಗೆ ಉತ್ತರಿಸಿದರು? ನಮ್ಮ ಅಂಗಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಗಲ್ಲಾಪೆಟ್ಟಿಗೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿತ್ತು, ಅದರ ಕೆಳಗೇ ಫೋನು ಹೊಡೆದುಕೊಳ್ಳುತ್ತಿತ್ತು. ಎದ್ದು ಎತ್ತಿದವನು ಕೈಯಲ್ಲಿದ್ದ ಕೆಲಸ ಬಿಟ್ಟವನಾಗುತ್ತಾನೆಂದು ಯಾರೂ ಎತ್ತುತ್ತಿರಲಿಲ್ಲ. ಮೈ ಬಗ್ಗಿಸಿದರೆ ಮಾತ್ರ ಕೆಲಸ, ಮಾತನಾಡಿದರೆ ಸೋಮಾರಿತನ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅಂಗಡಿಯೊಳಗೆ ಬಂದ ಗಿರಾಕಿಯನ್ನು ಹೀಗೆ ನಿಲ್ಲಿಸಿ ಕಾಯಿಸುತ್ತಿದ್ದೆವೇ? ಮುಖ ಕಾಣದ ಗಿರಾಕಿ ಎಂಬ ಒಂದೇ ಕಾರಣಕ್ಕೆ ಕಾಯಿಸಿದೆವು. ಪಕ್ಕದ ಮಂಡಿಯವರು ಎತ್ತಿದರು, ಬೇಳೆಯ ದೊಡ್ಡ ವ್ಯಾಪಾರವೊಂದು ಅವರ ಪಾಲಾಯಿತು.

ಹುಡುಗನನ್ನು ಕೊಬ್ಬರಿ ಆರಿಸಲು ಹಚ್ಚಿ ಎಂದು ನಾನೂ ಹೇಳುತ್ತೇನೆ, ಆದರೆ ಶಿಕ್ಷೆಯೆಂದಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಸುಲಿದು, ಕರಟ ಒಡೆದು, ಉಂಡೆಗೆ ಪೆಟ್ಟಾಗದಂತೆ ತೆಗೆಯುವುದನ್ನು ನೋಡದವನು ಎಣ್ಣೆಯ ಬಗ್ಗೆ ಬರೆಯುವುದೇನನ್ನು? ವಾರಕ್ಕೆ ಅರ್ಧ ದಿನ ಅಲ್ಲಿ ಕೂರಲಿ. ಸಂಬಳಕ್ಕೂ ಇದಕ್ಕೂ ಗಂಟು ಹಾಕಬೇಡಿ.

ಚಿಕ್ಕನಾಯಕನಹಳ್ಳಿ ತೋಟ:

ನನ್ನ ಅಭಿಪ್ರಾಯ ಬೇರೆ. ನಾನು ಆರು ತಿಂಗಳು ಜಾಹೀರಾತು ನಡೆಸಿ ಬಿಟ್ಟೆ. ಈಗ ಬೆಂಗಳೂರಿನ ನಾಲ್ಕು ಸಾವಯವ ಅಂಗಡಿಗಳಿಗೆ ತಿಂಗಳಿಗೊಮ್ಮೆ ಡಬ್ಬಗಳಲ್ಲಿ ಎಣ್ಣೆ ಕೊಡುತ್ತೇನೆ. ಲಾಭ ಕಡಿಮೆ, ನಿದ್ರೆ ಹೆಚ್ಚು. ಒಂದೊಂದು ಬಾಟಲಿಗೂ ಪೆಟ್ಟಿಗೆ ಕಟ್ಟಿ, ಸೋರಿತೆಂದು ಬೈಸಿಕೊಂಡು, ವಾಪಸು ಬಂದದ್ದನ್ನು ಮತ್ತೆ ಒರೆಸಿಡುವ ಚಾಕರಿಗೆ ಮನೆಯಲ್ಲಿ ಜನವಿದ್ದರೆ ಮಾತ್ರ ಬಿಡಿ ಮಾರಾಟ ಸರಿ. ಆದರೆ ಅಂಗಡಿಯವರು ಹಣ ಕೊಡುವುದು ನಲವತ್ತೈದು ದಿನದ ಮೇಲೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ ನಲವತ್ತೈದು ದಿನದಲ್ಲಿ ಕೊಬ್ಬರಿಯ ಧಾರಣೆ ಏರಿದರೆ ಮುಂದಿನ ಗಾಣಕ್ಕೆ ಕೈಯಿಂದಲೇ ಹಾಕಬೇಕು.

ತಿಪಟೂರು ಗಾಣ:

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನಗಳ ಬಳಿಕ ಬರೆಯುತ್ತಿದ್ದೇನೆ, ಏಕೆಂದರೆ ನೀವು ಕೇಳಿದ ಅಂಕಿಗಳನ್ನು ತೆಗೆಯಲು ಅಷ್ಟು ದಿನ ಹಿಡಿಯಿತು.

61 ಜನರಲ್ಲಿ ಮತ್ತೊಮ್ಮೆ ಕೊಂಡವರು 22, ಅವರಲ್ಲಿ ಮೂರನೆಯ ಸಲವೂ ಕೊಂಡವರು 9. ಒಂದು ಪಾರ್ಸೆಲ್‌ಗೆ ನಮಗೆ ಉಳಿಯುವುದು 140 ರೂಪಾಯಿ. ಒಟ್ಟು 92 ಪಾರ್ಸೆಲ್‌ಗಳಿಂದ 12,880 ಬಂದಂತಾಯಿತು, ಜಾಹೀರಾತಿನ ಮಟ್ಟಿಗೇ ಇನ್ನೂ ಎಂಟು ಸಾವಿರದ ಮೇಲೆ ಕೊರತೆಯಿದೆ. ಹುಡುಗನ ಸಂಬಳವನ್ನು ಇದರಲ್ಲಿ ಸೇರಿಸಿಲ್ಲ. ಮೂರು ತಿಂಗಳು ಸಾಲದು, ಆರು ತಿಂಗಳವರೆಗೆ ನೋಡುವುದೆಂದು ತೀರ್ಮಾನಿಸಿದ್ದೇನೆ, ಆದರೆ ಫೇಸ್‌ಬುಕ್ ಬೂಸ್ಟ್ ನಿಲ್ಲಿಸಿದೆ. ಕೂದಲಿನ ಸಾಲು ನಮ್ಮಲ್ಲಿಯೂ ಇತ್ತು, ತೆಗೆಸಿದೆ.

ಹುಡುಕಿದ ಮಾತುಗಳ ಪಟ್ಟಿಯನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಕ್ಲಿಕ್ಕುಗಳು ಇಂದಿನ ಕೊಬ್ಬರಿ ಬೆಲೆ ಕೇಳಿದವರದ್ದೇ. ಅದಕ್ಕಿಂತ ದೊಡ್ಡ ಸಂಗತಿ ಕರೆಗಳ ವಿವರದಲ್ಲಿ ಸಿಕ್ಕಿತು. ಬೆಂಗಳೂರಿನವರು ಕರೆ ಮಾಡುವುದು ಹೆಚ್ಚಾಗಿ ರಾತ್ರಿ ಎಂಟರ ಮೇಲೆ, ಅಡುಗೆಮನೆಯಲ್ಲಿ ಎಣ್ಣೆ ತೀರಿದ್ದು ನೆನಪಾದಾಗ. ಆ ಹೊತ್ತಿಗೆ ನಮ್ಮ ಫೋನು ಮುಚ್ಚಿದ ಅಂಗಡಿಯೊಳಗೆ ಚಾರ್ಜಿಗೆ ಹಾಕಿರುತ್ತದೆ. ಹಗಲಿನಲ್ಲಿ ಹುಡುಗ ಪಾರ್ಸೆಲ್ ಕೊಡಲು ಹೋದಾಗ ಬಂದ ಕರೆಗಳಲ್ಲಿ ಮಾತ್ರ ಹದಿನೈದು, ಇಪ್ಪತ್ತು ನಿಮಿಷ ನಡೆದ ದೀರ್ಘ ಮಾತುಕತೆಗಳಿದ್ದವು. ಯಾರು ಮಾತನಾಡಿದ್ದೆಂದು ಕೇಳಿದರೆ ತಂದೆಯವರು. ತುರುವೇಕೆರೆ, ಅರಸೀಕೆರೆ ಕಡೆಯ ರೈತರು ಧಾರಣೆ ಕೇಳಿ ಫೋನು ಮಾಡಿದರೆ ಇವರು ಆ ದಿನದ ಟೆಂಡರು, ಮಳೆ, ನುಸಿಪೀಡೆಯವರೆಗೆ ಮಾತನಾಡಿ ಮುಗಿಸುತ್ತಿದ್ದರಂತೆ. ಅದು ಕೆಲಸವೋ ಆಟವೋ ಎಂದು ನಾನು ಕೇಳಲು ಹೋಗಲಿಲ್ಲ.

ಈಗ ಸಂಜೆ ಏಳರಿಂದ ಒಂಬತ್ತರವರೆಗೆ ಫೋನು ತಂದೆಯವರ ಬಳಿ, ಮನೆಯಲ್ಲಿ ಇರುತ್ತದೆ. ಹುಡುಗ ಬರೆದುಕೊಟ್ಟ ಸ್ವಾಗತದ ಮಾತನ್ನು ಹೇಳಲು ಅವರು ಒಪ್ಪಿಲ್ಲ. ಕರೆ ಮಾಡಿದವರಿಗೆ ಮೊದಲು ‘ಯಾವೂರಾಯಿತು ತಮ್ಮದು’ ಎಂದೇ ಕೇಳುತ್ತಾರೆ, ಎಣ್ಣೆಯ ಮಾತು ಆಮೇಲೆ ಬರುತ್ತದೆ. ಶಿರಾಗೇಟ್ ಅವರನ್ನು ಕೇಳಲು ಒಂದು ವಿಷಯ ಉಳಿದಿದೆ: ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಗೂಗಲ್ ಜಾಹೀರಾತು ಕಾಣದಂತೆ ಹೊತ್ತು ಗೊತ್ತುಮಾಡಲು ಬರುತ್ತದೆಯೇ? ಬರುವುದಾದರೆ ಎಲ್ಲಿ ಒತ್ತಬೇಕೆಂದು ಹುಡುಗನಿಗೆ ತಿಳಿಸಿಕೊಡಿ.

ಶಿರಾಗೇಟ್:

ಬರುತ್ತದೆ. ಅಭಿಯಾನದ ಸೆಟ್ಟಿಂಗ್‌ನಲ್ಲಿ ಜಾಹೀರಾತಿನ ವೇಳಾಪಟ್ಟಿ ಎಂಬ ಭಾಗವಿದೆ, ವಾರದ ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಅಲ್ಲಿ ತುಂಬಿಸಬಹುದು. ಭಾನುವಾರ ಸಂಜೆಯನ್ನು ಮಾತ್ರ ಬಿಡಬೇಡಿ. ತಂದೆಯವರಿಗೂ ಅಂದು ಬಿಡುವಿರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.