ಸೆಲ್ಫ್ ಒಮ್ಮೊಮ್ಮೆ ಹೊಡೆಯುತ್ತೆ, ಒಮ್ಮೊಮ್ಮೆ ಬರೀ 'ಟಕ್'. ಬ್ಯಾಟರಿ ಹೊಸದು!

ಸಾಗರದ_ಸವಾರ:
2006ರ ಪೆಟ್ರೋಲ್ ಕಾರು. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತೆ. ಪೇಟೆಗೆ ಹೋಗಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಶಬ್ದ, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ತಳ್ಳಿದರೆ ಕೂಡಲೇ ಆಗುತ್ತೆ. ಮೀಟರ್ ಬೋರ್ಡಿನ ದೀಪಗಳು ಮಂಕಾಗುವುದಿಲ್ಲ, ಆದರೆ ರಾತ್ರಿ ಓಡಿಸುವಾಗ ಹೆಡ್‌ಲೈಟ್ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ. ಗ್ಯಾರೇಜಿನವರು ಮೊದಲು ಬ್ಯಾಟರಿ ಅಂದರು, ಹಾಕಿಸಿದ್ದಾಯ್ತು. ಈಗ ಸೆಲ್ಫ್ ಮೋಟರ್ ಹೋಗಿದೆ ಅಂತಾರೆ. ಮಳೆಗಾಲಕ್ಕೆ ಮುಂಚೆ ಕ್ಲಚ್ ಪ್ಲೇಟ್ ಹಾಕಿಸಿದ್ದು ಬಿಟ್ಟರೆ ದೊಡ್ಡ ಕೆಲಸ ಯಾವುದೂ ಇಲ್ಲ. ಇತ್ತೀಚೆಗೆ ಎಕ್ಸಲರೇಟರ್ ಪೆಡಲ್ ಸ್ವಲ್ಪ ಬಿಗಿ, ಅದು ಬೇರೆ ಕಥೆ ಬಿಡಿ.

ಗ್ರೀಸ್_ಕೈ:
ಹೊಸ ಬ್ಯಾಟರಿ ಅಂತ ನಂಬಿ ಕೂರಬೇಡಿ ಸರ್. ಗಾಡಿ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ, ಓಡುವಾಗ ಸುಮಾರು 14 ಇರಬೇಕು. ಟರ್ಮಿನಲ್ ಕೈಯಲ್ಲಿ ತಿರುಗಿಸಿ ನೋಡಿ, ಅಲ್ಲಾಡಿದರೆ ಅಲ್ಲೇ ಕಥೆ ಮುಗೀತು.

ನಾಲ್ಕು_ಚಕ್ರ:
ರಿಲೇ (ಕೀ ತಿರುಗಿಸಿದಾಗ ಸೆಲ್ಫ್ ಕಡೆಗೆ ಕರೆಂಟ್ ಬಿಡುವ ಚಿಕ್ಕ ಸ್ವಿಚ್) ಬದಲಿಸಿ ನೋಡಿ, ಅಗ್ಗ. ನನ್ನ ಗಾಡಿಯಲ್ಲಿ ಇಗ್ನಿಷನ್ ಸ್ವಿಚ್ ಸವೆದಿತ್ತು.

ವೈರಿಂಗ್_ಹುಚ್ಚ:
'ಟಕ್' ಅನ್ನುತ್ತಿದೆ ಅಂದರೆ ಸೆಲ್ಫ್ ಮೇಲಿರುವ ದೊಡ್ಡ ಸ್ವಿಚ್, ಅಂದರೆ ಸೊಲೆನಾಯ್ಡ್‌ವರೆಗೆ ಕರೆಂಟ್ ಹೋಗುತ್ತಿದೆ, ರಿಲೇ ಮೇಲೆ ನನಗೆ ಅನುಮಾನ ಕಡಿಮೆ. ಬ್ಯಾಟರಿ ಸೋತಿದ್ದರೆ ದೀಪ ಮಂಕಾಗಬೇಕಿತ್ತು, ಅದೂ ಇಲ್ಲ. ಸೆಲ್ಫ್ ಇರಬಹುದು. ಆದರೆ ನೀವು 'ಬೇರೆ ಕಥೆ' ಅಂದಿರಲ್ಲ, ಆ ಬಿಗಿ ಪೆಡಲ್, ನನಗೆ ಅದೇ ಇದರ ಕಥೆ ಅನ್ನಿಸುತ್ತೆ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿರುತ್ತಾರೆ, ಆಗ ಅದರ ಅರ್ತ್ ಪಟ್ಟಿ (ಕರೆಂಟನ್ನು ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಒಯ್ಯುವ ತಾಮ್ರದ ಪಟ್ಟಿ) ಬಿಚ್ಚಿ, ವಾಪಸ್ ಹಾಕುವಾಗ ತುಕ್ಕಿನ ಮೇಲೇ ಬೋಲ್ಟ್ ಬಿಗಿದಿರುತ್ತಾರೆ, ಕೆಲವೊಮ್ಮೆ ಹಾಕಿಯೇ ಇರುವುದಿಲ್ಲ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ ಅಲ್ವಾ, ಪಟ್ಟಿ ಕೈಕೊಟ್ಟರೆ ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟ್ ಕಾರಿನ ಬಾಡಿಯ ಕಡೆಗೆ ವಾಪಸ್ ಬರಲು ಸಿಕ್ಕ ದಾರಿ ಹುಡುಕುತ್ತೆ. ಎಕ್ಸಲರೇಟರ್ ಕೇಬಲ್ ಅಂಥ ದಾರಿ. ತಂತಿ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತೆ.

ಸೆಲ್ಫ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ತೊಂದರೆ ಕೊಡುತ್ತಿರುವಾಗಲೇ ಮಾಡಬೇಕು, ಚೆನ್ನಾಗಿ ಸ್ಟಾರ್ಟ್ ಆಗುವಾಗ ನೋಡಿದರೆ ಏನೂ ಗೊತ್ತಾಗಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ವೋಲ್ಟ್ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು, ಯಾರಿಗಾದರೂ ಕೀ ತಿರುಗಿಸಲು ಹೇಳಿ. 0.5 ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ (ಎರಡೂ ತುದಿಗೆ ಕ್ಲಿಪ್ ಇರುವ ದಪ್ಪ ವೈರ್) ಒಂದನ್ನು ಅದೇ ಎರಡು ಜಾಗಕ್ಕೆ ಕಚ್ಚಿಸಿ, ಬೆಲ್ಟ್ ಮತ್ತು ಫ್ಯಾನಿಗೆ ತಾಗದ ಹಾಗೆ. ಆಗ ಸೆಲ್ಫ್ ಹೊಡೆದರೆ ಮೋಟರ್ ಬದಲಿಸಲೇಬೇಡಿ.

ಸಾಗರದ_ಸವಾರ:
ಮಾಡಿದೆ. ಸಂತೆ ಹತ್ತಿರ ಕೈಕೊಟ್ಟಾಗ ಅಲ್ಲೇ ಬಾನೆಟ್ ಎತ್ತಿ ಮೀಟರ್ ಇಟ್ಟೆ, 4 ವೋಲ್ಟ್ ದಾಟಿತು. ಜಂಪರ್ ಹಾಕಿದ ಕೂಡಲೇ ಸ್ಟಾರ್ಟ್! ಮನೆಗೆ ಬಂದು ಕೆಳಗೆ ನುಗ್ಗಿ ನೋಡಿದರೆ ಗೇರ್‌ಬಾಕ್ಸ್ ಪಟ್ಟಿಯ ತಾಮ್ರವೆಲ್ಲ ಹಸಿರುಗಟ್ಟಿ, ಲಗ್ (ಬೋಲ್ಟ್ ಕೂರುವ ತುದಿ) ಬುಡದಲ್ಲಿ ಹರಿದು, ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿವೆ. ಎಕ್ಸಲರೇಟರ್ ಕೇಬಲ್ ಹೊದಿಕೆ ಒಂದು ಕಡೆ ಗುಳ್ಳೆ ಎದ್ದಿದೆ. ಪಟ್ಟಿ ಹೊಸದು ಹಾಕಿ, ಬಾಡಿ ಕಡೆ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ. ಹೆಡ್‌ಲೈಟೂ ಸರಿ ಹೋಯ್ತು. ನಾಳೆ ಹೊನ್ನಾವರಕ್ಕೆ ಹೋಗೋದಿದೆ, ವಾಪಸ್ ಬಂದ ಮೇಲೆ ಕೇಬಲ್ ಬದಲಿಸಿದರೆ ಆಗುತ್ತಾ?

ವೈರಿಂಗ್_ಹುಚ್ಚ:
ಬೇಡ. ಕೇಬಲ್ ಬದಲಿಸದೆ ಘಟ್ಟ ಇಳಿಯಬೇಡಿ, ತಿರುವಿನಲ್ಲಿ ಪೆಡಲ್ ಬಿಟ್ಟಾಗ ವಾಪಸ್ ಬರದಿದ್ದರೆ ಏನು ಮಾಡ್ತೀರಿ? ಬಸ್ಸಲ್ಲಿ ಹೋಗಿ ಬನ್ನಿ.