ಶಿರಾಡಿ ಏರಲ್ಲಿ ಗಾಡಿ ಎಳೀತಿಲ್ಲ, ಕಪ್ಪು ಹೊಗೆ. ಟರ್ಬೋ ಹೋಯ್ತಾ?

ಘಟ್ಟದ_ಗಾಡಿ:
1.5 ಡೀಸೆಲ್, ವಿಜಿಟಿ (ಒಳಗಿನ ರೆಕ್ಕೆ ಓರೆಯಾಗೋ ಬಗೆಯ) ಟರ್ಬೋ, 92,000 ಕಿ.ಮೀ. ಆಗಿದೆ. ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಮೂರನೇ ಗೇರಲ್ಲೂ ಉಸಿರಿಲ್ಲ. ಲಾರಿ ಓವರ್‌ಟೇಕ್ ಮಾಡೋಕೆ ಹೋಗಿ ಅರ್ಧಕ್ಕೇ ಪವರ್ ಬಿತ್ತು, ಹೆಂಡತಿ ಮಕ್ಕಳು ಒಳಗಿದ್ರು. ಇನ್ನೂ ಕೈ ನಡುಗುತ್ತೆ. ಸ್ಕ್ಯಾನಲ್ಲಿ ಬಂದ ದೋಷದ ಕೋಡ್ ಪಿ0299. ಗ್ಯಾರೇಜಲ್ಲಿ ಬಾನೆಟ್ ಎತ್ತಿದವರೇ "ಟರ್ಬೋ ಬದಲಿಸಿ, 48 ಸಾವಿರ" ಅಂದ್ರು. ದಾರಿ ತೋರಿಸಿ.

ಹಾಸನ_ಡೀಸೆಲ್:
ಆ ಕೋಡ್ ಅಂದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದಷ್ಟು ಬೂಸ್ಟ್, ಅಂದ್ರೆ ಟರ್ಬೋ ಎಂಜಿನ್ನಿಗೆ ತುಂಬೋ ಗಾಳಿಯ ಒತ್ತಡ, ಬರ್ತಿಲ್ಲ ಅಂತ. ಟರ್ಬೋ ಒಳಗಿನ ವೇನ್‌ಗಳಿಗೆ ಮಸಿ ಕಟ್ಟಿದೆ, ಅನುಮಾನವೇ ಬೇಡ. ಟರ್ಬೈನ್ ಸುತ್ತ ಇರೋ ಆ ಪುಟ್ಟ ರೆಕ್ಕೆಗಳು ಓರೆಯಾಗಿ ಎಕ್ಸಾಸ್ಟ್ ದಾರಿಯನ್ನ ಕಿರಿದು ಮಾಡಿದ್ರೇನೇ ಕಮ್ಮಿ ಆರ್‌ಪಿಎಂಲಿ ಬೂಸ್ಟ್. ಸಿಟಿಲಿ ಮೆಲ್ಲಗೆ ಓಡಿಸಿದ್ರೆ ಹಿಡ್ಕೊಳ್ತವೆ.

ಘಟ್ಟದ_ಗಾಡಿ:
ವ್ಯಾಕ್ಯೂಮ್ ಕೊಟ್ಟು ನೋಡಿಸಿದೆ ಸರ್. ಆ ರೆಕ್ಕೆಗಳನ್ನ ಆಡಿಸೋ ಆಕ್ಚುವೇಟರ್ ರಾಡ್ ಸಲೀಸಾಗಿ ಹೋಗಿ ಬರ್ತಿದೆ.

ಹಾಸನ_ಡೀಸೆಲ್:
ತಣ್ಣಗಿದ್ದಾಗ ಆಡುತ್ತೆ, ಬಿಸಿಯಾದ್ರೆ ಹಿಡಿಯುತ್ತೆ. ಬಿಚ್ಚಿಸಿ ತೊಳೆಸಿ. ನಾನು ಎರಡು ಸಲ ಮಾಡಿಸಿದ್ದೀನಿ. ಈಗ ಸಿಲಿಕೋನ್ ಹೋಸ್, ದೊಡ್ಡ ಇಂಟರ್‌ಕೂಲರ್ (ಟರ್ಬೋದಿಂದ ಬರೋ ಗಾಳಿ ತಂಪು ಮಾಡೋದು), ಡ್ಯಾಶ್ ಮೇಲೆ ಬೂಸ್ಟ್ ಗೇಜ್ ಹಾಕಿದ್ದೀನಿ, ಬಿಸಿಲೆ ಏರಲ್ಲೂ 1.4 ಬಾರ್ ತೋರಿಸುತ್ತೆ.

ಕಾಫಿ_ತೋಟ:
ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಅದಕ್ಕೇ ಎಳೀತಿಲ್ಲ. ಟರ್ಬೋ ಬದಲು ಸೂಪರ್‌ಚಾರ್ಜರ್ ಇದ್ದಿದ್ರೆ ಅದನ್ನ ಎಂಜಿನ್ನಿನ ಕ್ರ್ಯಾಂಕ್ ಬೆಲ್ಟೇ ತಿರುಗಿಸೋದು, ಲ್ಯಾಗ್ (ಬೂಸ್ಟ್ ತಡವಾಗಿ ಬರೋದು) ಅನ್ನೋದೇ ಇಲ್ಲ.

ಮೈಸೂರು_ಸ್ಪ್ಯಾನರ್:
ಅಣ್ಣ, ಬೆಲ್ಟ್ ತಿರುಗಿಸೋ ಶಕ್ತಿ ಎಂಜಿನ್ನಿಂದಲೇ ಹೋಗ್ಬೇಕಲ್ಲ. ಟರ್ಬೋ ಬಳಸೋದು ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆಯನ್ನ. ಎತ್ತರದ ಕೊರತೆ ತುಂಬೋಕೇ ಟರ್ಬೋ ಇರೋದು. 1918ರಲ್ಲೇ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ಸ್ಯಾನ್‌ಫರ್ಡ್ ಮಾಸ್ ಅನ್ನೋ ಎಂಜಿನಿಯರ್ ವಿಮಾನದ ಎಂಜಿನ್ನಿಗೆ ಟರ್ಬೋ ಹಾಕಿ ತೋರಿಸಿದ್ರು. 950 ಮೀಟರಿಗೆ ಗಾಳಿ ತೆಳುವಾಗೋದು ನೂರಕ್ಕೆ ಹತ್ತರ ಹತ್ತಿರ, ಅಷ್ಟಕ್ಕೆ ಗಾಡಿ ಹೀಗೆ ಸಾಯಲ್ಲ.

ನನಗೆ ಕಾಡ್ತಿರೋದು ಕಪ್ಪು ಹೊಗೆ. ಏರ್ ಫಿಲ್ಟರ್ ಹತ್ತಿರದ ಸೆನ್ಸರ್ ಗಾಳಿ ಅಳೆದಿದೆ, ಅದಕ್ಕೆ ತಕ್ಕ ಡೀಸೆಲ್ ಬಿದ್ದಿದೆ, ಆದ್ರೆ ಗಾಳಿ ಮಧ್ಯದಲ್ಲೇ ಸೋರಿಹೋಗಿದೆ. ಸರ್, ಇತ್ತೀಚೆಗೆ ಮುಂದೆ ಏನಾದ್ರೂ ಬಿಚ್ಚಿಸಿದ್ರಾ?

ಘಟ್ಟದ_ಗಾಡಿ:
ಹೋದ ತಿಂಗಳು ದನ ಅಡ್ಡ ಬಂದು ಮುಂದಿನ ಬಂಪರ್ ಬದಲಾಯಿಸಿದೆ. ಟರ್ಬೋಗೂ ಅದಕ್ಕೂ ಏನು ಸಂಬಂಧ ಅಂತ ಬರೀಲಿಲ್ಲ.

ಮೈಸೂರು_ಸ್ಪ್ಯಾನರ್:
ಅದನ್ನೇ ಮೊದಲು ಹೇಳ್ಬೇಕಿತ್ತು! ಇಂಟರ್‌ಕೂಲರ್ ಇರೋದೇ ಬಂಪರ್ ಹಿಂದೆ. ಇನ್‌ಲೆಟ್ ಮುಚ್ಚಿಸಿ, ಅರ್ಧ ಬಾರ್ ಗಾಳಿ ಬಿಟ್ಟು, ಹೋಸುಗಳ ಮೇಲೆ ಸೋಪಿನ ನೀರು ಹೊಡೆಸಿ.

ಹಾಸನ_ಡೀಸೆಲ್:
ಹೋಸ್ ಸೋರಿದ್ರೆ ಶಿಳ್ಳೆ ಸದ್ದು ಬರ್ಬೇಕು. ಅವರು ಸದ್ದಿನ ಮಾತೇ ಎತ್ತಿಲ್ಲ.

ಮೈಸೂರು_ಸ್ಪ್ಯಾನರ್:
ಗಾಜು ಏರಿಸಿ ಏಸಿ ಹಾಕ್ಕೊಂಡು ಹೋದವರಿಗೆ ಯಾವ ಶಿಳ್ಳೆ ಕೇಳುತ್ತೆ?

ಘಟ್ಟದ_ಗಾಡಿ:
ಸಿಕ್ತು! ಇಂಟರ್‌ಕೂಲರಿನ ಕೆಳಗಿನ ಹೋಸ್. ಕ್ಲಿಪ್ ಓರೆಯಾಗಿ ಕೂತು ರಬ್ಬರ್ ಸೀಳಿದೆ, ಉಗುರಿನಷ್ಟು ಉದ್ದ. ಮೇಲಿಂದ ಕಾಣಲ್ಲ. ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪು ಪಟ್ಟಿಯಾಗಿತ್ತು, ಸೋಪಿನ ನೀರು ಬಿದ್ದಿದ್ದೇ ತಡ ನೊರೆ ಉಕ್ಕಿತು. ಹೊಸ ಹೋಸ್ ಬರೋಕೆ ನಾಲ್ಕು ದಿನ. ಅಲ್ಲಿವರೆಗೆ ಟೇಪ್ ಸುತ್ತಿ ಮಂಗಳೂರಿಗೆ ಹೋಗಬಹುದಾ?

ಮೈಸೂರು_ಸ್ಪ್ಯಾನರ್:
ಬೇಡ ಸರ್. ಬಿಸಿಗೂ ಎಣ್ಣೆಗೂ ಟೇಪ್ ನಿಲ್ಲಲ್ಲ, ಮತ್ತೆ ಅದೇ ಏರಲ್ಲಿ ಬಿಟ್ಟುಕೊಳ್ಳುತ್ತೆ. ಮನೆಯವರನ್ನ ಕೂರಿಸ್ಕೊಂಡಂತೂ ಹೋಗ್ಬೇಡಿ, ನಾಲ್ಕು ದಿನ ಬಸ್ಸಲ್ಲಿ ಓಡಾಡಿ. ಹೋಸ್ ಜೊತೆ ಕ್ಲಿಪ್ಪೂ ಹೊಸದೇ ಹಾಕಿಸಿ.