ಟೆಕ್ಸಾಸ್‌ನ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಇಷ್ಟು ಬಲ ಎಲ್ಲಿಂದ ಬಂತು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವನು. ಆಸ್ಟಿನ್ ಸಮೀಪ ನೆಲೆಸಿ ಹದಿನೆಂಟು ವರ್ಷಗಳಾದವು. ಇತ್ತೀಚೆಗಷ್ಟೇ ಇಲ್ಲಿನ ಮತದಾರರ ಪಟ್ಟಿಗೆ ನನ್ನ ಹೆಸರು ಸೇರಿದೆ. ಮತ ಹಾಕುವ ಮುನ್ನ ಪ್ರತಿಯೊಂದು ಹುದ್ದೆಯ ಕೆಲಸವೇನೆಂದು ತಿಳಿದುಕೊಳ್ಳಬೇಕೆಂಬ ಆಸೆಯಿಂದ ಓದತೊಡಗಿದಾಗ ಲೆಫ್ಟಿನೆಂಟ್ ಗವರ್ನರ್ ಎಂಬ ಹುದ್ದೆಯ ಬಳಿ ಬಂದು ನಿಂತುಬಿಟ್ಟೆ. ಇದು ಗವರ್ನರ್‌ಗಿಂತಲೂ ಪ್ರಬಲವಾದ ಹುದ್ದೆ ಎಂದು ಹಲವರು ಬರೆಯುತ್ತಾರೆ. ಆದರೆ ಇದರ ಸಂಬಳ ವರ್ಷಕ್ಕೆ 7,200 ಡಾಲರ್ ಮಾತ್ರ. ರಾಜ್ಯದ ಸಂವಿಧಾನವನ್ನು ತೆರೆದು ನೋಡಿದರೆ ಸೆನೆಟ್‌ನ (ಶಾಸನಸಭೆಯ ಮೇಲ್ಮನೆಯ) ಅಧ್ಯಕ್ಷತೆ ಮತ್ತು ಗವರ್ನರ್ ಇಲ್ಲದಾಗ ಆ ಸ್ಥಾನವನ್ನು ತುಂಬುವುದು, ಮುಖ್ಯವಾಗಿ ಇವೆರಡೇ ಕಾಣುತ್ತವೆ. ಊರಿನಲ್ಲಿರುವ ತಂದೆಯವರೊಡನೆ ಈ ವಿಷಯ ಮಾತನಾಡಿದಾಗ ಅವರು ದೆಹಲಿಯ ಲೆಫ್ಟಿನೆಂಟ್ ಗವರ್ನರ್‌ರನ್ನು ನೆನೆದು, ಕೇಂದ್ರ ಸರ್ಕಾರದ ಪ್ರತಿನಿಧಿಯಿರಬೇಕು ಎಂದರು. ಹಾಗಲ್ಲವೆಂದು ಹೇಳಿದೆನೇ ಹೊರತು ಏನೆಂದು ವಿವರಿಸಲು ನನ್ನಿಂದಾಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಹಳೆಯ ಓದುಗ

ಮೊದಲು ನಿಮ್ಮ ತಂದೆಯವರ ಊಹೆಯ ಬಗ್ಗೆ ಒಂದು ಮಾತು. ದೆಹಲಿಯ ಲೆಫ್ಟಿನೆಂಟ್ ಗವರ್ನರ್‌ರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಟೆಕ್ಸಾಸ್‌ನವರನ್ನು ಇಡೀ ರಾಜ್ಯದ ಮತದಾರರು ನೇರವಾಗಿ ಚುನಾಯಿಸುತ್ತಾರೆ. ಹೆಸರು ಒಂದೇ ಆದರೂ ಹುದ್ದೆಗಳಿಗೆ ನಂಟಿಲ್ಲ. ಇದೇ ಕಾರಣಕ್ಕೆ ಇದನ್ನು ‘ಉಪರಾಜ್ಯಪಾಲ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಕಾರ್ಯಾಂಗವನ್ನು ಸ್ವತಃ ನಡೆಸುವವರು.

ಟೆಕ್ಸಾಸ್ 1836ರಿಂದ ಸ್ವತಂತ್ರ ಗಣರಾಜ್ಯವಾಗಿದ್ದಾಗ ಅಲ್ಲಿ ಉಪಾಧ್ಯಕ್ಷರಿದ್ದರು. ಅಮೆರಿಕದ ಒಕ್ಕೂಟವನ್ನು ಸೇರುವಾಗ ರಚಿಸಿದ 1845ರ ಸಂವಿಧಾನದಲ್ಲಿ ಆ ಜಾಗಕ್ಕೆ ಲೆಫ್ಟಿನೆಂಟ್ ಗವರ್ನರ್ ಹುದ್ದೆ ಬಂತು. ಆಲ್ಬರ್ಟ್ ಹಾರ್ಟನ್ ಮೊದಲಿಗರು. ಆರಂಭದ ದಶಕಗಳಲ್ಲಿ ಈ ಹುದ್ದೆ ಮುಖ್ಯವಾದದ್ದು ಉತ್ತರಾಧಿಕಾರದ ಸಂದರ್ಭದಲ್ಲಿ. 1861ರಲ್ಲಿ ಟೆಕ್ಸಾಸ್ ಒಕ್ಕೂಟವನ್ನು ತೊರೆದಾಗ ಗವರ್ನರ್ ಸ್ಯಾಮ್ ಹೂಸ್ಟನ್ ಅಮೆರಿಕದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ ಪದವಿ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಲೆಫ್ಟಿನೆಂಟ್ ಗವರ್ನರ್ ಎಡ್ವರ್ಡ್ ಕ್ಲಾರ್ಕ್.

ಗವರ್ನರ್ ಏಕೆ ದುರ್ಬಲ ಎಂಬುದು ತಿಳಿಯದೆ ಲೆಫ್ಟಿನೆಂಟ್ ಗವರ್ನರ್ ಏಕೆ ಪ್ರಬಲ ಎಂಬುದು ತಿಳಿಯುವುದಿಲ್ಲ. ಅಂತರ್ಯುದ್ಧದ ನಂತರ, 1870ರಿಂದ 1874ರವರೆಗೆ, ಎಡ್ಮಂಡ್ ಡೇವಿಸ್ ಗವರ್ನರ್ ಆಗಿದ್ದರು. ಅವರ ಕೈಯಲ್ಲಿ ವಿಶಾಲವಾದ ನೇಮಕಾತಿ ಅಧಿಕಾರವಿತ್ತು, ರಾಜ್ಯ ಪೊಲೀಸ್ ಪಡೆಯಿತ್ತು. ಆ ಪಡೆಯಲ್ಲಿ ಕಪ್ಪು ಜನರೂ ಇದ್ದರು, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಯೂ ಅದರ ಕೆಲಸವಾಗಿತ್ತು ಎಂಬುದನ್ನು ಮರೆಯಬಾರದು; ವಿರೋಧಿಗಳ ಸಿಟ್ಟಿಗೆ ಅದೂ ಒಂದು ದೊಡ್ಡ ಕಾರಣ. ಆ ವಿರೋಧಿಗಳು ಮರಳಿ ಅಧಿಕಾರಕ್ಕೆ ಬಂದ ಮೇಲೆ ಬರೆದದ್ದು 1876ರ ಸಂವಿಧಾನ, ಈಗಲೂ ಜಾರಿಯಲ್ಲಿರುವುದು ಅದೇ. ಅದರಲ್ಲಿ ಗವರ್ನರ್ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದರು, ಸಂಬಳ ಕಡಿಮೆ ಮಾಡಿದರು, ಅಟಾರ್ನಿ ಜನರಲ್, ಕಂಪ್ಟ್ರೋಲರ್ (ರಾಜ್ಯದ ಹಣಕಾಸಿನ ಲೆಕ್ಕ ನೋಡುವವರು), ಭೂ ಆಯುಕ್ತ ಮೊದಲಾದವರೆಲ್ಲ ಪ್ರತ್ಯೇಕವಾಗಿ ಜನರಿಂದಲೇ ಆಯ್ಕೆಯಾಗುವಂತೆ ಮಾಡಿದರು. ಹೀಗೆ ಹರಿದು ಹಂಚಿಹೋದ ಕಾರ್ಯಾಂಗದ ಎದುರು ಶಾಸನಸಭೆ ಸಹಜವಾಗಿಯೇ ಬಲಿಷ್ಠವಾಯಿತು. ಆ ಶಾಸನಸಭೆಯ ಒಂದು ಸದನದ ಚುಕ್ಕಾಣಿ ಲೆಫ್ಟಿನೆಂಟ್ ಗವರ್ನರ್ ಕೈಯಲ್ಲಿದೆ.

ಮೇಲ್ಮನೆ ವೀಕ್ಷಕಿ

ಇತಿಹಾಸವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಅಧಿಕಾರ ಎಲ್ಲಿಂದ ಬಂತು ಎಂಬ ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲಲ್ಲ, ಸೆನೆಟ್‌ನ ನಿಯಮಾವಳಿಯಲ್ಲಿದೆ. 31 ಸದಸ್ಯರ ಈ ಸದನ ಬೆಸ ವರ್ಷದ ಜನವರಿಯಲ್ಲಿ ಸೇರುತ್ತದೆ. ಸಾಮಾನ್ಯ ಅಧಿವೇಶನ ಹೆಚ್ಚೆಂದರೆ 140 ದಿನ ನಡೆಯುತ್ತದೆ. ಅಧಿವೇಶನ ಆರಂಭವಾದೊಡನೆ ಸದಸ್ಯರು ತಮ್ಮ ನಿಯಮಗಳನ್ನು ತಾವೇ ಅಂಗೀಕರಿಸಿಕೊಳ್ಳುತ್ತಾರೆ. ಸಮಿತಿಗಳಿಗೆ ಸದಸ್ಯರನ್ನೂ ಅಧ್ಯಕ್ಷರನ್ನೂ ನೇಮಿಸುವುದು, ಯಾವ ಮಸೂದೆ ಯಾವ ಸಮಿತಿಗೆ ಹೋಗಬೇಕೆಂದು ನಿರ್ಧರಿಸುವುದು, ಸದನದಲ್ಲಿ ಯಾರಿಗೆ ಮಾತನಾಡಲು ಅವಕಾಶ ಕೊಡಬೇಕೆಂಬುದು, ಇವೆಲ್ಲವನ್ನೂ ಆ ನಿಯಮಗಳು ಲೆಫ್ಟಿನೆಂಟ್ ಗವರ್ನರ್‌ಗೆ ವಹಿಸಿವೆ. ತನಗೆ ಬೇಡವಾದ ಮಸೂದೆಯನ್ನು ಪ್ರತಿಕೂಲವಾದ ಸಮಿತಿಗೆ ಕಳುಹಿಸಿದರೆ ಸಾಕು, 140 ದಿನಗಳು ಹೇಗೋ ಕಳೆದುಹೋಗುತ್ತವೆ.

ಹೋಲಿಸಿ ನೋಡಬೇಕೆಂದರೆ, ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರು ಸಭಾಪತಿಯನ್ನು ತಮ್ಮೊಳಗಿನಿಂದಲೇ ಆರಿಸಿಕೊಳ್ಳುತ್ತಾರೆ. ಟೆಕ್ಸಾಸ್ ಸೆನೆಟ್‌ನ ಸಭಾಪತಿಯಾದರೋ ಸದಸ್ಯರೇ ಅಲ್ಲ. ಹೊರಗಿನಿಂದ ಜನರ ಮತ ಪಡೆದು ಬಂದು ಪೀಠದಲ್ಲಿ ಕೂರುವವರು. ಮತಗಳು ಸಮವಾದಾಗ ನಿರ್ಣಾಯಕ ಮತ ಅವರದು.

ಕಾನೂನುಗಳು ಇದಕ್ಕೆ ಇನ್ನಷ್ಟು ಸೇರಿಸಿದವು. 1949ರಲ್ಲಿ ಸ್ಥಾಪನೆಯಾದ ಶಾಸಕಾಂಗ ಆಯವ್ಯಯ ಮಂಡಳಿಗೆ ಲೆಫ್ಟಿನೆಂಟ್ ಗವರ್ನರ್ ಮತ್ತು ಕೆಳಮನೆಯ ಸ್ಪೀಕರ್ ಜಂಟಿ ಅಧ್ಯಕ್ಷರು. ಎರಡು ವರ್ಷಗಳ ಮುಂಗಡಪತ್ರದ ಕರಡು ಅಲ್ಲಿ ಸಿದ್ಧವಾಗುವುದರಿಂದ ಸದನ ಸೇರದ ತಿಂಗಳುಗಳಲ್ಲೂ ಈ ಹುದ್ದೆಗೆ ಕೆಲಸವಿದೆ. ಆ ವರ್ಷ ಜುಲೈಯಲ್ಲಿ ಗವರ್ನರ್ ಬೋಫರ್ಡ್ ಜೆಸ್ಟರ್ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗಲೇ ತೀರಿಕೊಂಡರು; ಲೆಫ್ಟಿನೆಂಟ್ ಗವರ್ನರ್ ಆಲನ್ ಶಿವರ್ಸ್ ಗವರ್ನರ್ ಆದರು. 1973ರಿಂದ 1991ರವರೆಗೆ, ಹದಿನೆಂಟು ವರ್ಷ, ಬಿಲ್ ಹಾಬಿ ಈ ಪೀಠದಲ್ಲಿದ್ದರು. ಎರಡು ವರ್ಷದ ಅವಧಿ ನಾಲ್ಕಕ್ಕೆ ಏರಿದ್ದೂ ಅವರ ಕಾಲದಲ್ಲೇ.

ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಬೇರೆ ಬೇರೆಯಾಗಿ ಚುನಾಯಿತರಾಗುವುದರಿಂದ ಇಬ್ಬರೂ ಒಂದೇ ಪಕ್ಷದವರಾಗಿರಬೇಕಿಲ್ಲ. 1995ರಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್ ಗವರ್ನರ್ ಆದಾಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು ಡೆಮಾಕ್ರಾಟಿಕ್ ಪಕ್ಷದ ಬಾಬ್ ಬುಲ್ಲಕ್. ಅವರಿಬ್ಬರ ನಡುವೆ ಎಂಥ ವಿಶ್ವಾಸ ಬೆಳೆಯಿತೆಂದರೆ 1998ರ ಚುನಾವಣೆಯಲ್ಲಿ ಬುಲ್ಲಕ್ ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬುಷ್ ಅವರನ್ನೇ ಬೆಂಬಲಿಸಿದರು.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಸಂಬಳದ ಗೊಂದಲ ಇನ್ನೂ ಉಳಿದಿದೆ. ಮತ್ತೊಂದು ಸಂದೇಹ: ನಿಯಮಗಳನ್ನು ಸದಸ್ಯರೇ ಮಾಡುವುದಾದರೆ, ಕೊಟ್ಟ ಅಧಿಕಾರವನ್ನು ಅವರೇ ಹಿಂದಕ್ಕೆ ಪಡೆಯಬಹುದಲ್ಲವೇ?

ಮೇಲ್ಮನೆ ವೀಕ್ಷಕಿ

ಖಂಡಿತ ಪಡೆಯಬಹುದು, 16 ಮತಗಳು ಸಾಕು. ಈ ಹುದ್ದೆಯ ಬಲವೆಲ್ಲ ಸದನದಿಂದ ಎರವಲು ಪಡೆದದ್ದೆಂದು ನಾನು ಹೇಳುವುದು ಇದಕ್ಕಾಗಿಯೇ. ಆದರೆ ಸಮಿತಿಯ ಅಧ್ಯಕ್ಷತೆಗಾಗಿ ಕಾದಿರುವ ಸದಸ್ಯ ಅದನ್ನು ಹಂಚುವವರ ವಿರುದ್ಧ ಮೊದಲ ದಿನವೇ ಕೈ ಎತ್ತುವುದು ಸುಲಭವಲ್ಲ.

ಸದಸ್ಯರು ಬೇರೆ ದಾರಿಯಲ್ಲಿ ಪ್ರತಿಭಟಿಸಿದ್ದುಂಟು. ದೀರ್ಘಕಾಲ ಸೆನೆಟ್‌ನಲ್ಲಿ ಮೂರನೇ ಎರಡರ ಪದ್ಧತಿಯೊಂದಿತ್ತು. ಕಾರ್ಯಕಲಾಪ ಪಟ್ಟಿಯ ತುದಿಯಲ್ಲಿ ಯಾರೂ ಚರ್ಚಿಸಲು ಉದ್ದೇಶಿಸದ ಒಂದು ಮಸೂದೆಯನ್ನು ಇಟ್ಟುಬಿಡುತ್ತಿದ್ದರು. ಅದನ್ನು ದಾಟಿ ಕೆಳಗಿನ ಯಾವುದನ್ನೇ ಎತ್ತಿಕೊಳ್ಳಬೇಕಾದರೂ 21 ಮತ ಬೇಕಾಗುತ್ತಿತ್ತು. ಹೀಗಾಗಿ 11 ಜನ ಒಟ್ಟಾದರೆ ಯಾವ ಮಸೂದೆಯನ್ನಾದರೂ ತಡೆಯಬಹುದಿತ್ತು, ಅಲ್ಪಸಂಖ್ಯಾತ ಪಕ್ಷದವರೊಡನೆ ಕೂತು ಮಾತನಾಡುವುದು ಎಲ್ಲರಿಗೂ ಅನಿವಾರ್ಯವಾಗಿತ್ತು. 1979ರಲ್ಲಿ ಅಧ್ಯಕ್ಷೀಯ ಪ್ರಾಥಮಿಕ ಚುನಾವಣೆಯ ಮಸೂದೆಯೊಂದಕ್ಕೆ ಹಾಬಿ ಈ ಪದ್ಧತಿಯನ್ನು ಬದಿಗಿಡಲು ಹೊರಟಾಗ 12 ಸೆನೆಟರ್‌ಗಳು ಅಡಗಿ ಕುಳಿತು ಕೋರಂ ಇಲ್ಲದಂತೆ ಮಾಡಿದರು. ಅವರನ್ನು ‘ಕೊಲೆಗಡುಕ ಜೇನುಗಳು’ ಎಂದು ಕರೆದವರು ಹಾಬಿಯೇ. ಕೊನೆಗೆ ಮಣಿದವರೂ ಅವರೇ. 2003ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ಕ್ಷೇತ್ರಗಳ ಪುನರ್ವಿಂಗಡಣೆಗಾಗಿ ಲೆಫ್ಟಿನೆಂಟ್ ಗವರ್ನರ್ ಡೇವಿಡ್ ಡ್ಯೂಹರ್ಸ್ಟ್ ಇದೇ ಪದ್ಧತಿಯನ್ನು ಕೈಬಿಟ್ಟಾಗ 11 ಡೆಮಾಕ್ರಾಟ್ ಸೆನೆಟರ್‌ಗಳು ನೆರೆಯ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಗೆ ಹೋಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿದರು. ಆ ಸಲ ಮಾತ್ರ ಮಸೂದೆ ಗೆದ್ದಿತು.

2015ರಲ್ಲಿ ಡ್ಯಾನ್ ಪ್ಯಾಟ್ರಿಕ್ ಲೆಫ್ಟಿನೆಂಟ್ ಗವರ್ನರ್ ಆಗಿ ಬಂದ ಕೂಡಲೇ ಆ 21 ಮತಗಳ ಮಿತಿ 19ಕ್ಕೆ ಇಳಿಯಿತು. ಆಗ ರಿಪಬ್ಲಿಕನ್ನರು 20 ಮಂದಿ. 2021ರಲ್ಲಿ ಅವರು 18ಕ್ಕೆ ಇಳಿದಾಗ ಮಿತಿಯೂ 18 ಆಯಿತು. ಪಕ್ಷದ ಸಂಖ್ಯೆಗೆ ತಕ್ಕಂತೆ ನಿಯಮವನ್ನು ಕತ್ತರಿಸಿದ್ದು ನನಗೆ ನೋವಿನ ಸಂಗತಿ, ಯಾವ ಪಕ್ಷ ಮಾಡಿದ್ದರೂ ಇದನ್ನೇ ಹೇಳುತ್ತಿದ್ದೆ.

ಸಂಬಳ ಸೆನೆಟರ್‌ಗಳಿಗೆ ಇರುವಷ್ಟೇ, ತಿಂಗಳಿಗೆ 600 ಡಾಲರ್. ಗವರ್ನರ್ ಆಗಿ ಕಾರ್ಯನಿರ್ವಹಿಸುವ ದಿನಗಳಿಗೆ ಮಾತ್ರ ಗವರ್ನರ್ ಸಂಬಳ.

ಚೆಸಪೀಕ್

ನಾನಿರುವುದು ಮೇರಿಲ್ಯಾಂಡ್‌ನಲ್ಲಿ. ಎಲ್ಲ ರಾಜ್ಯಗಳಲ್ಲೂ ಟೆಕ್ಸಾಸ್‌ನಂತೆಯೇ ಇದೆ ಎಂದು ಓದುಗರು ಭಾವಿಸಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ 1864ರ ಸಂವಿಧಾನ ಈ ಹುದ್ದೆಯನ್ನು ಸೃಷ್ಟಿಸಿತು, 1867ರ ಸಂವಿಧಾನ ಅದನ್ನು ಕೈಬಿಟ್ಟಿತು, 1970ರಲ್ಲಿ ತಿದ್ದುಪಡಿಯ ಮೂಲಕ ಮತ್ತೆ ತಂದರು. ಗವರ್ನರ್ ಜೊತೆ ಒಂದೇ ಜೋಡಿಯಾಗಿ ಚುನಾವಣೆಗೆ ನಿಲ್ಲಬೇಕು. ಗವರ್ನರ್ ಯಾವ ಕೆಲಸ ವಹಿಸುತ್ತಾರೋ ಅದಷ್ಟೇ ಇವರ ಕೆಲಸ. ಸೆನೆಟ್‌ನ ಪೀಠ ಇವರದಲ್ಲ. 2023ರ ಜನವರಿಯಲ್ಲಿ ಹೈದರಾಬಾದ್ ಮೂಲದ ಅರುಣಾ ಮಿಲ್ಲರ್ ಈ ಹುದ್ದೆಗೆ ಬಂದಾಗ ಇಲ್ಲಿನ ಭಾರತೀಯರೆಲ್ಲ ಸಂಭ್ರಮಿಸಿದೆವು.

ಹಳೆಯ ಓದುಗ

ಒಂದು ಸೇರ್ಪಡೆ. ಟೆಕ್ಸಾಸ್‌ನಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಇಬ್ಬರೂ ರಾಜ್ಯದಿಂದ ಹೊರಗಿದ್ದರೆ ಸೆನೆಟ್‌ನ ಹಂಗಾಮಿ ಅಧ್ಯಕ್ಷರು ಗವರ್ನರ್ ಆಗುತ್ತಾರೆ. ಇಬ್ಬರೂ ಬೇಕೆಂದೇ ಗಡಿ ದಾಟಿ ಹೋಗಿ ಆ ಗೌರವ ಕೊಡುವ ‘ಒಂದು ದಿನದ ಗವರ್ನರ್’ ಎಂಬ ಸಂಪ್ರದಾಯವಿದೆ. 1972ರ ಜೂನ್ 10ರಂದು ಬಾರ್ಬರಾ ಜೋರ್ಡನ್ ಹೀಗೆ ಗವರ್ನರ್ ಆದರು. ಅಮೆರಿಕದ ಯಾವುದೇ ರಾಜ್ಯದಲ್ಲಿ ಆ ಸ್ಥಾನದಲ್ಲಿ ಕುಳಿತ ಮೊದಲ ಕಪ್ಪು ಮಹಿಳೆ ಅವರು.